ನೀರುಗಂಟಿಯ ಒಂದು ದಿನದ ಪ್ರವಾಸ

ಮೆಸ್ಸೀನಾದ ಧಕ್ಕೆಗೆ ದೊಡ್ಡ ಹಡಗು ಬರುವ ದಿನ ನಮ್ಮ ಬೀದಿಯಲ್ಲಿ ಕೋಳಿಗಿಂತ ಮೊದಲು ಲೆತ್ತೇರಿಯಾಳ ದನಿ ಏಳುತ್ತಿತ್ತು. ಹಡಗಿನಿಂದಿಳಿದವರನ್ನು ಎತ್ನಾ ಬೆಟ್ಟಕ್ಕೋ ತಾವೊರ್ಮಿನಾಕ್ಕೋ ಕರೆದೊಯ್ದು, ಹಡಗು ಹೊರಡುವ ಮೊದಲು ವಾಪಸು ತಂದು ಬಿಡುವುದು ಅವಳ ಮತ್ತು ಅವಳ ತಮ್ಮ ಪ್ಲಾಚಿದೋನ ಕಸುಬು. ವ್ಯಾನು ಓಡಿಸುವುದು ತಮ್ಮನ ಕೆಲಸ. ಉಳಿದದ್ದೆಲ್ಲ ಅಕ್ಕನದು: ಯಾವ ದಾರಿ, ಎಲ್ಲಿ ಊಟ, ಯಾವ ತಿರುವಿನಲ್ಲಿ ಲಾರಿಗಳು ಸಿಕ್ಕಿಕೊಳ್ಳುತ್ತವೆ, ಬೆಟ್ಟ ಬೂದಿ ಉಗುಳಿದರೆ ಬದಲಿಗೆ ಎಲ್ಲಿಗೆ ಹೋಗುವುದು. ಅವಳ ದನಿ ದಪ್ಪ, ಸ್ವಲ್ಪ ಒಡಕು. ಫೋನಿನಲ್ಲಿ ಮೊದಲ ಸಲ ಕೇಳಿದವರು ಗಂಡಸೆಂದೇ ತಿಳಿಯುತ್ತಿದ್ದರು. ಒಮ್ಮೆ ಕೇಳಿದ ಮೇಲೆ ಮರೆಯುತ್ತಿರಲಿಲ್ಲ.

ಐವತ್ತು ದಾಟಿದ್ದಳು. ಮದುವೆಯಾಗಿರಲಿಲ್ಲ. ತಾಯಿಯನ್ನು ಕೊನೆಯವರೆಗೂ ಅವಳೇ ನೋಡಿಕೊಂಡಿದ್ದಳು. ತಾಯಿ ಹೋಗಿ ವರ್ಷವಾಗಿದ್ದರೂ ಆ ಕೋಣೆಯನ್ನು ಯಾರಿಗೂ ಬಾಡಿಗೆಗೆ ಕೊಟ್ಟಿರಲಿಲ್ಲ.

ಆ ವರ್ಷದ ಬೇಸಿಗೆಯಲ್ಲಿ ಅವಳಿಗೆ ವೆರ್ಚೆಲ್ಲಿಯಿಂದ ಒಬ್ಬರು ಫೋನ್ ಮಾಡತೊಡಗಿದರು. ವೆರ್ಚೆಲ್ಲಿ ಅಂದರೆ ದೇಶದ ಉತ್ತರದ ಕೊನೆಯಲ್ಲಿ, ಮಂಜಿನ ಬೆಟ್ಟಗಳ ಕೆಳಗಿರುವ ಭತ್ತದ ಸೀಮೆ. ಹೆಸರು ಎವುಸೇಬಿಯೋ. ಅಕ್ಟೋಬರಿನಲ್ಲಿ ಹೆಂಡತಿಯ ಜೊತೆ ಹಡಗಿನಲ್ಲಿ ಬರುವವರಿದ್ದರು. ಎತ್ನಾ ನೋಡಬೇಕು, ಒಂದು ದಿನ, ಇಬ್ಬರಿಗೇ ಒಂದು ಗಾಡಿ. ಮಾತು ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ.

"ಸಿನ್ಯೋರಾ, ಹಡಗಿನ ಮೆಟ್ಟಿಲಿಂದ ನಿಮ್ಮ ಗಾಡಿಗೆ ಎಷ್ಟು ದೂರ ಆಗುತ್ತೆ?"

"ಗೇಟಿನ ಎದುರಿಗೇ ಪೇಪರ್ ಅಂಗಡಿ ಇದೆ. ಅದರ ಪಕ್ಕದಲ್ಲೇ ನಿಲ್ಸಿರ್ತೀವಿ."

"ಅದಲ್ಲ, ನನ್ನ ಹೆಂಡತಿಗೆ ಮಂಡಿನೋವು. ನಡುವೆ ಕೂತ್ಕೊಳ್ಳೋಕೆ ಬೆಂಚು ಏನಾದ್ರೂ ಇದೆಯಾ?"

ಎರಡು ದಿನ ಬಿಟ್ಟು ಮತ್ತೆ. ಹೆದ್ದಾರಿ ಮುಚ್ಚಿದರೆ? ಹಳೇ ರಸ್ತೆಯಲ್ಲಿ. ಹಳೇ ರಸ್ತೆಯಲ್ಲಿ ಮೆರವಣಿಗೆ ಬಂದರೆ? ಬೆಟ್ಟದ ಮೇಲೆ ಮಂಜು ಕವಿದರೆ? ಗಾಡಿ ಕೆಟ್ಟರೆ ಇನ್ನೊಂದು ಗಾಡಿ ಎಲ್ಲಿಂದ ಬರುತ್ತದೆ? ವಾಪಸು ಬರುವಾಗ ಹಡಗು ಹೊರಟುಬಿಟ್ಟಿದ್ದರೆ?

ಫೋನ್ ಬಡಿದುಕೊಂಡಾಗಲೆಲ್ಲ ಪ್ಲಾಚಿದೋ ಅಡುಗೆಮನೆಯಿಂದ ಕೂಗುತ್ತಿದ್ದ: "ಅಕ್ಕಾ, ನಿನ್ನ ಯಜಮಾನರು ಕರೀತಿದಾರೆ! ಬೇಗ ಎತ್ತು, ಪಾಪ, ಬೆಳಿಗ್ಗೆಯಿಂದ ನಿನ್ನ ದನಿ ಕೇಳಿಲ್ಲ."

"ನಿನ್ನ ನಾಲಿಗೆ ಸೀದುಹೋಗ," ಎಂದು ಅವಳು ಫೋನ್ ಎತ್ತುತ್ತಿದ್ದಳು.

ಒಂದು ದಿನ ಅವಳೇ ಕೇಳಿದಳು. "ನೀವು ಏನು ಕೆಲಸ ಮಾಡ್ತಿದ್ರಿ, ಸಿನ್ಯೋರ್? ಪೊಲೀಸಾ?"

ಆ ಕಡೆಯಿಂದ ಸಣ್ಣ ನಗು ಕೇಳಿಸಿತು. "ನೀರು ಬಿಡ್ತಿದ್ದೆ ತಾಯಿ. ಕಾಲುವೆ ತೂಬುಗಳು ನನ್ನ ಕೈಲಿದ್ವು. ಒಬ್ಬನ ಗದ್ದೆಗೆ ನೀರು ಬಿಡೋದು ಚೂರು ತಡ ಆದ್ರೂ ಕೆಳಗಿನ ಗದ್ದೆಯವನು ಸಲಿಕೆ ಹಿಡ್ಕೊಂಡು ಬರ್ತಿದ್ದ. ಅಪ್ಪನೂ ಅದೇ ಕೆಲಸ ಮಾಡ್ತಿದ್ದ. ಊರು ಬಿಟ್ಟು ಹೋದೋರಲ್ಲ ನಾವು. ಮೂವತ್ತು ವರ್ಷದಿಂದ ನಮ್ಮೋಳು ಸಮುದ್ರ ನೋಡ್ಬೇಕು, ಬೆಂಕಿ ಬೆಟ್ಟ ನೋಡ್ಬೇಕು ಅಂತಾನೇ ಇದ್ಲು. ಈಗ ಕರ್ಕೊಂಡು ಹೊರಟಿದೀನಿ. ಏನೂ ಎಡವಟ್ಟು ಆಗ್ಬಾರ್ದು, ಅಷ್ಟೇ."

ಓಹೋ, ನೀರುಗಂಟಿ, ಎಂದುಕೊಂಡಳು ಲೆತ್ತೇರಿಯಾ. ಅಂದಿನಿಂದ ಮನೆಯಲ್ಲಿ ಅವರಿಗೆ ಅದೇ ಹೆಸರಾಯಿತು.

ಆದರೆ ಸೆಪ್ಟೆಂಬರ್ ಕೊನೆಯಲ್ಲಿ ಒಂದು ಬೆಳಿಗ್ಗೆ ಮೂರು ಹಡಗು ಒಟ್ಟಿಗೇ ಬಂದಿದ್ದವು. ಒಂದು ಬಸ್ಸು ಕೈಕೊಟ್ಟಿತ್ತು. ನಲವತ್ತು ಜನ ಜರ್ಮನರು ಧಕ್ಕೆಯ ಬಿಸಿಲಲ್ಲಿ ನಿಂತು ಅವಳನ್ನೇ ದುರುಗುಟ್ಟಿ ನೋಡುತ್ತಿದ್ದರು. ಆಗ ಫೋನ್ ಬಂತು.

"ಸಿನ್ಯೋರಾ, ಒಂದೇ ಒಂದು ವಿಷಯ. ನಾವು ವಾಪಸು ಬರೋದು ಸ್ವಲ್ಪ ತಡ ಆದ್ರೆ ಹಡಗಿನೋರಿಗೆ ಫೋನ್ ಮಾಡಿ ಹೇಳೋಕಾಗುತ್ತಾ?"

"ಹಡಗು ಯಾರಿಗೂ ಕಾಯಲ್ಲ ಸ್ವಾಮಿ! ಪೋಪ್ ಬಂದ್ರೂ ಕಾಯಲ್ಲ. ಇಷ್ಟು ಹೆದರಿಕೆ ಇಟ್ಕೊಂಡು ಯಾಕೆ ಹೊರಡ್ತೀರಿ? ಮನೇಲೇ ಇದ್ಬಿಡಿ, ನನಗೂ ನೆಮ್ಮದಿ, ನಿಮಗೂ ನೆಮ್ಮದಿ!"

"ಸರಿ ತಾಯಿ," ಎಂದು ಮೆಲ್ಲಗೆ ಹೇಳಿ ಫೋನ್ ಇಟ್ಟರು. ಆಮೇಲೆ ಅವರ ಫೋನ್ ಬರಲಿಲ್ಲ. ಎರಡು ದಿನ ಲೆತ್ತೇರಿಯಾಳಿಗೆ ಹಾಯೆನಿಸಿತು. ಮೂರನೆಯ ದಿನ ಮನಸ್ಸಿಗೆ ಏನೋ ಚುಚ್ಚಿತು. ಬಂದಾಗ ಒಳ್ಳೇ ಮಾತಾಡಿಸಿದರಾಯಿತು ಎಂದು ಸುಮ್ಮನಾದಳು.

*

ಅಕ್ಟೋಬರಿನಲ್ಲಿ ಅವರು ಬರಬೇಕಿದ್ದ ಗುರುವಾರ ಬೆಳಿಗ್ಗೆ ಪೇಪರ್ ಅಂಗಡಿಯ ಪಕ್ಕದಲ್ಲಿ, ವೆರ್ಚೆಲ್ಲಿಯವರ ಹೆಸರು ಬರೆದ ರಟ್ಟು ಹಿಡಿದು ಅಕ್ಕ ತಮ್ಮ ನಿಂತಿದ್ದರು. ಹಡಗು ಆಗಲೇ ಬಂದು ನಿಂತಿತ್ತು. ಬಿಳೀ ಮೈ, ಹೊಗೆಗೂಡಿನ ಮೇಲೆ ಎರಡು ನೀಲಿ ಪಟ್ಟಿ. ಜನ ಸಾಲಾಗಿ ಇಳಿಯುತ್ತಿದ್ದರು. ಗೇಟಿನಿಂದ ಒಂದು ಆಂಬುಲೆನ್ಸ್ ಕೂಗುತ್ತಾ ಹೊರಬಂದು ಊರಿನ ಕಡೆ ಹೋಯಿತು. ಹಡಗು ಬಂದಾಗ ಆಂಬುಲೆನ್ಸ್ ಬರುವುದು ನಮಗೇನೂ ಹೊಸತಲ್ಲ. ಹಡಗಿನಲ್ಲಿ ಬರುವವರು ಹೆಚ್ಚಾಗಿ ವಯಸ್ಸಾದವರು.

ಬರಬೇಕಾದ ಹೊತ್ತು ಮೀರಿತು. "ಗಡಿಯಾರದಂಥ ಮನುಷ್ಯ, ಇವತ್ತೇ ಎಲ್ಲಿ ಹೋದ?" ಎಂದಳು ಲೆತ್ತೇರಿಯಾ.

ಅಷ್ಟರಲ್ಲಿ ಗೇಟಿನ ಬಳಿ ಕುಳ್ಳಗಿನ ಒಬ್ಬ ಹೆಂಗಸು ಕಾಣಿಸಿದಳು. ಎರಡು ಕೈಯಲ್ಲೂ ದೊಡ್ಡ ದೊಡ್ಡ ಪೆಟ್ಟಿಗೆ. ಪಕ್ಕದಲ್ಲಿ ಹಡಗಿನ ಸಮವಸ್ತ್ರದ ಹುಡುಗಿ.

ಪ್ಲಾಚಿದೋ ನಕ್ಕ. "ನೋಡೇ ಅಕ್ಕಾ, ನೀರುಗಂಟಿ ಹೆಂಡ್ತಿ. ಒಂದು ದಿನದ ಪ್ರವಾಸಕ್ಕೆ ಮನೇನೇ ಹೊತ್ಕೊಂಡು ಬಂದಿದಾಳೆ! ನಿನ್ನ ಯಜಮಾನರೆಲ್ಲಿ?"

ದನಿ ತಗ್ಗಿಸಿ ಮಾತಾಡುವುದು ಅವನಿಗೆ ಗೊತ್ತಿಲ್ಲ. ಹೆಂಗಸು ಹತ್ತಿರ ಬಂದು, ರಟ್ಟಿನ ಮೇಲಿನ ಹೆಸರನ್ನು ಓದಿ, ಪೆಟ್ಟಿಗೆಗಳನ್ನು ಕೆಳಗಿಟ್ಟಳು. "ಲೆತ್ತೇರಿಯಾ ಅಂದ್ರೆ ನೀವೇನಾ? ನಾನು ಡೆಲ್ಫೀನಾ. ನನ್ನ ಗಂಡನ್ನ ಈಗ ಆಸ್ಪತ್ರೆಗೆ ತಗೊಂಡು ಹೋದ್ರು. ರಾತ್ರಿ ಲಕ್ವ ಹೊಡೀತಂತೆ. ಆಂಬುಲೆನ್ಸ್‌ನಲ್ಲಿ ನನಗೆ ಜಾಗ ಇಲ್ಲ ಅಂದ್ರು. ಹಡಗು ಸಂಜೆ ಹೋಗುತ್ತೆ, ಸಾಮಾನೆಲ್ಲ ಇಳಿಸ್ಕೊಳ್ಳಿ ಅಂದ್ರು. ಈ ಊರಲ್ಲಿ ನಿಮ್ಮ ಹೆಸರು ಬಿಟ್ರೆ ನನಗೆ ಇನ್ನೊಂದು ಹೆಸರು ಗೊತ್ತಿಲ್ಲ."

ಪ್ಲಾಚಿದೋನ ಮುಖ ಕಪ್ಪಿಟ್ಟಿತು. ಎರಡೂ ಪೆಟ್ಟಿಗೆ ಎತ್ತಿ ವ್ಯಾನಿಗೆ ಹಾಕಿದ. ಲೆತ್ತೇರಿಯಾ ಆ ಹೆಂಗಸಿನ ತೋಳು ಹಿಡಿದು ಹತ್ತಿಸಿದಳು. ಡೆಲ್ಫೀನಾ ಅಳುತ್ತಿರಲಿಲ್ಲ. ಕೋಟಿನ ಗುಂಡಿಗಳನ್ನು ತಪ್ಪು ತೂತುಗಳಿಗೆ ಹಾಕಿಕೊಂಡಿದ್ದಳು, ಅಷ್ಟೇ.

ಸಂಜೆ ಹಡಗು ಹೋಯಿತು. ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದ ಡೆಲ್ಫೀನಾಳನ್ನು ಲೆತ್ತೇರಿಯಾ ಬಲವಂತವಾಗಿ ಎಬ್ಬಿಸಿ ಮನೆಗೆ ಕರೆತಂದು, ತಾಯಿಯ ಕೋಣೆಯ ಬಾಗಿಲು ತೆರೆದು, ಹಾಸಿಗೆ ಹಾಸಿಕೊಟ್ಟಳು.

*

ಮರುದಿನ ಎವುಸೇಬಿಯೋ ಅವರಿಗೆ ಎಚ್ಚರವಾಯಿತು. ಎಡಗೈ ಎಡಗಾಲು ಸ್ವಾಧೀನ ತಪ್ಪಿದ್ದವು. ಮಾತು ತೊದಲುತ್ತಿತ್ತು, ಆದರೆ ಅರ್ಥವಾಗುತ್ತಿತ್ತು. ಮನಸ್ಸು ಮಾತ್ರ ಗುರುವಾರದ ಬೆಳಗಿನಲ್ಲೇ ನಿಂತುಬಿಟ್ಟಿತ್ತು.

"ಗಂಟೆ ಎಷ್ಟಾಯ್ತು? ಗಾಡಿ ಬಂತಾ?"

"ನೀವು ಆಸ್ಪತ್ರೇಲಿದೀರಿ," ಎಂದಳು ಡೆಲ್ಫೀನಾ. "ಹುಷಾರಿಲ್ಲ ನಿಮಗೆ. ಸುಮ್ನೆ ಮಲ್ಕೊಳ್ಳಿ."

"ಮಲ್ಕೊಂಡ್ರೆ ಹೇಗೆ? ಗಾಡಿಯೋಳು ಕಾಯ್ತಿರ್ತಾಳೆ. ಹಡಗು ಹೋಗ್ಬಿಡುತ್ತೆ!" ಎಂದು ಅವರು ಬಲಗೈಯಿಂದ ಡ್ರಿಪ್ಪಿನ ನಳಿಕೆ ಕೀಳಹೋದರು. ನರ್ಸುಗಳು ಓಡಿ ಬಂದು ಹಿಡಿದುಕೊಂಡರು. ಅವರು ಮುದುಕರಾದರೂ ಸಲಿಕೆ ಹಿಡಿದು ಬದುಕಿದ ಕೈ. ಒಂದೇ ಕೈಯಲ್ಲೂ ಬಲವಿತ್ತು.

ಆ ಹೊತ್ತಿಗೆ ಲೆತ್ತೇರಿಯಾ ಕಾಫಿ ತಂದಿದ್ದಳು. ಬಾಗಿಲಲ್ಲಿ ತಡೆದ ನರ್ಸಿನೊಡನೆ, "ಅಯ್ಯೋ, ಒಳಗೆ ಬರಲ್ಲಮ್ಮ, ಇದನ್ನ ಕೊಟ್ಟು ಹೋಗ್ತೀನಿ," ಎನ್ನುತ್ತಿದ್ದಳು. ಹಾಸಿಗೆಯಲ್ಲಿದ್ದವರು ಕೊಸರಾಡುವುದನ್ನು ನಿಲ್ಲಿಸಿದರು. ಮುಖ ಬಾಗಿಲ ಕಡೆ ತಿರುಗಿತು.

"ಸಿನ್ಯೋರಾ ಲೆತ್ತೇರಿಯಾ? ಗಾಡಿ ಎಲ್ಲಿ ನಿಲ್ಸಿದೀರಿ?"

ಅವಳು ಆ ಮುಖವನ್ನು ಮೊದಲ ಸಲ ನೋಡುತ್ತಿದ್ದಳು. ಒಂದು ಕಡೆ ಜೋತುಬಿದ್ದ ಬಾಯಿ, ಎರಡು ದಿನದ ಬಿಳೀ ಗಡ್ಡ, ಹೆದರಿದ ಕಣ್ಣು. ಏನು ಹೇಳಬೇಕೆಂದು ಯೋಚಿಸುವ ಮೊದಲೇ ರೂಢಿಯ ಮಾತು ಬಾಯಿಂದ ಬಂದುಬಿಟ್ಟಿತು.

"ಪೇಪರ್ ಅಂಗಡಿ ಪಕ್ಕದಲ್ಲೇ ಇದೆ, ಸಿನ್ಯೋರ್. ನನ್ನ ತಮ್ಮ ಗಾಡೀಲೇ ಕೂತಿದಾನೆ. ಅವಸರ ಇಲ್ಲ. ಬೇಕಾದಷ್ಟು ಹೊತ್ತಿದೆ."

"ಬೆಂಚು?"

"ಬೆಂಚೂ ಇದೆ. ನಿಮ್ಮೋರು ಕೂತಿದಾರೆ."

ಅವರ ಕೈ ಸಡಿಲವಾಯಿತು. ಉಸಿರು ಬಿಟ್ಟು ಕಣ್ಣು ಮುಚ್ಚಿದರು. ಆಮೇಲೆ ಬಂದ ಡಾಕ್ಟರಮ್ಮ ಇಬ್ಬರು ಹೆಂಗಸರನ್ನೂ ಹೊರಗೆ ಕರೆದು ಹೇಳಿದರು. ಮಿದುಳಿನಲ್ಲಿ ರಕ್ತ ತುಂಬಿದೆ, ಮುಂದೇನು ಅಂತ ಹೇಳಲಾಗದು. ರಕ್ತದೊತ್ತಡ ಏರದಂತೆ, ಗಾಬರಿಯಾಗದಂತೆ ನೋಡಿಕೊಳ್ಳಬೇಕು. "ಅವರಿಗೆ ಏನು ಕೇಳಿದ್ರೆ ಸಮಾಧಾನ ಆಗುತ್ತೋ ಅದನ್ನೇ ಹೇಳಿ."

ಹಾಗೆ ಶುರುವಾಯಿತು. ಹಡಗಿಲ್ಲದ ದಿನ ಲೆತ್ತೇರಿಯಾ ಬೆಳಿಗ್ಗೆಯೂ ಸಂಜೆಯೂ ಹೋಗುತ್ತಿದ್ದಳು. ಅವರಿಗೆ ಎಚ್ಚರವಾಗಿ ಗಾಬರಿ ಹತ್ತಿದಾಗ ಪಕ್ಕದಲ್ಲಿ ಕೂತು ದಾರಿ ಹೇಳುತ್ತಿದ್ದಳು. ಈಗ ಹೆದ್ದಾರಿ ಹತ್ತಿದೆವು, ಎಡಗಡೆ ಸಮುದ್ರ. ಸುರಂಗಗಳೆಲ್ಲ ತೆರೆದಿವೆ. ಈಗ ಜಫೆರಾನಾ ಊರು, ಇಲ್ಲಿ ಜೇನು ಸಿಗುತ್ತದೆ, ನಿಮ್ಮವರಿಗೆ ಒಂದು ಸೀಸೆ ತೆಗೆದುಕೊಳ್ಳೋಣ. ಇನ್ನು ಮೇಲೆ ಮರಗಳಿಲ್ಲ, ಕಪ್ಪು ಕಲ್ಲು ಮಾತ್ರ. ಅವರು ನಡುನಡುವೆ ಕೇಳುತ್ತಿದ್ದರು: "ತಿರುಗಿ ಹೊರಡೋ ಹೊತ್ತಾಯ್ತಾ?" "ಇನ್ನೂ ಇಲ್ಲ, ಸಿನ್ಯೋರ್. ಆದಾಗ ನಾನೇ ಹೇಳ್ತೀನಿ."

ಕಿಟಕಿಯ ಬಳಿಯ ಕುರ್ಚಿಯಲ್ಲಿ ಡೆಲ್ಫೀನಾ ಕೂತು ಇದನ್ನೆಲ್ಲ ಕೇಳುತ್ತಿದ್ದಳು. ಕೈಯಲ್ಲಿ ಅವರ ಸ್ವೆಟರ್ ಹಿಡಿದು, ಅದರ ನೂಲಿನ ಗಂಟುಗಳನ್ನು ಒಂದೊಂದಾಗಿ ಕೀಳುತ್ತಿದ್ದಳು.

ಭಾನುವಾರ ಅವಳು ಹೇಳಿದಳು: "ನೀವು ಸ್ವಲ್ಪ ಹೊರಗೆ ಹೋಗಿ ಬನ್ನಿ. ಈ ಸಲ ನಾನು ಹೇಳ್ತೀನಿ. ನಿಮ್ಮ ಮಾತೆಲ್ಲ ನನಗೂ ಬಾಯಿಪಾಠ ಆಗಿದೆ."

ಲೆತ್ತೇರಿಯಾ ಪಡಸಾಲೆಗೆ ಹೋದಳು. ಬಾಗಿಲು ಪೂರ್ತಿ ಮುಚ್ಚಿರಲಿಲ್ಲ.

"ಗಾಡಿ ಬಂತಾ?"

"ಬಂದಿದೆ, ಎವುಸೇಬಿಯೋ. ಪೇಪರ್ ಅಂಗಡಿ ಹತ್ರ ಇದೆ. ಬೇಕಾದಷ್ಟು ಹೊತ್ತಿದೆ."

"ನಿನಗೇನು ಗೊತ್ತು?" ಎಂದರು ಅವರು ತೊದಲುತ್ತಾ. "ನಿನಗೆ ಗೊತ್ತಿಲ್ಲ. ಅವಳನ್ನ ಕೇಳು. ಅವಳನ್ನ ಕರಿ."

ಡೆಲ್ಫೀನಾ ಹೊರಗೆ ಬಂದಳು. "ಹೋಗಿ, ನಿಮ್ಮನ್ನೇ ಕರೀತಿದಾರೆ," ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಚೆನ್ನಾಗಿರುತ್ತಿತ್ತು ಎಂದು ಲೆತ್ತೇರಿಯಾ ನಮಗೆ ಆಮೇಲೆ ಹೇಳಿದಳು.

ಆ ಸಂಜೆ ಮನೆಯಲ್ಲಿ ಪ್ಲಾಚಿದೋ ಬಿಸಿ ಫೊಕಾಚಾ ರೊಟ್ಟಿ ತಂದಿಟ್ಟ. ಗುರುವಾರದಿಂದ ಅವನು ಆ ಹೆಂಗಸಿನ ಎದುರು ಬಾಯಿ ಬಿಟ್ಟಿರಲಿಲ್ಲ. ಡೆಲ್ಫೀನಾಳೇ ಮಾತು ತೆಗೆದಳು.

"ಅಕ್ಕನ ಯಜಮಾನರು ಅಂತ ನೀನು ತಮಾಷೆ ಮಾಡ್ತಿದ್ದೆ, ಅಲ್ವೇನಪ್ಪಾ?"

"ಅಮ್ಮಾ, ನನಗೆ ಬುದ್ಧಿ ಇಲ್ಲ," ಎಂದ ಪ್ಲಾಚಿದೋ, ತಟ್ಟೆ ನೋಡುತ್ತಾ. "ಕ್ಷಮಿಸಿ."

"ತಪ್ಪೇನಿಲ್ಲ ಬಿಡು. ಬೇಸಿಗೆ ಪೂರ್ತಿ ಈ ಅಮ್ಮನ ಹತ್ರ ಮಾತಾಡಿದಷ್ಟು ನನ್ನ ಹತ್ರ ಮಾತಾಡಿಲ್ಲ ಅವರು. ಫೋನಿಟ್ಟ ಮೇಲೆ ಬಂದು ಹೇಳೋರು: ಬೆಂಚಿದೆಯಂತೆ ಡೆಲ್ಫೀ, ಕೂತ್ಕೋಬಹುದು ನೀನು."

ರೊಟ್ಟಿ ತಣ್ಣಗಾಗುತ್ತಿತ್ತು. ಅವಳು ಮುಟ್ಟಲಿಲ್ಲ.

"ಹಡಗಿನಲ್ಲಿ ಬುಧವಾರ ಊಟಕ್ಕೆ ಕೂತಿದ್ವಿ. ಮೇಜಿನಲ್ಲಿ ಬೇರೆಯವರೂ ಇದ್ರು. ಇವರು ಮಾತುಮಾತಿಗೂ ಗಡಿಯಾರ ನೋಡೋರು. ನಾಳೆ ಎಷ್ಟು ಹೊತ್ತಿಗೆ ಏಳ್ಬೇಕು, ಎಷ್ಟು ಹೊತ್ತಿಗೆ ಇಳೀಬೇಕು. ಆ ಜನ ಮುಸಿಮುಸಿ ನಗ್ತಿದ್ರು. ನನಗೆ ನಾಚಿಕೆ ಆಯ್ತು. ಇನ್ನೊಂದ್ಸಲ ಗಂಟೆ ಗಿಂಟೆ ಅಂದ್ರೆ ನಾನು ಎದ್ದು ಹೋಗ್ತೀನಿ, ಬೆಳಗಾಗೋ ತನಕ ನನ್ನನ್ನ ಮಾತಾಡಿಸ್ಬೇಡಿ ಅಂದೆ. ಎಲ್ಲರ ಮುಂದೇನೇ."

"ಗಂಡ ಹೆಂಡಿರು ಅಂದ ಮೇಲೆ..." ಎಂದಳು ಲೆತ್ತೇರಿಯಾ.

"ಅವರು ಮಾತಾಡಿಸಲಿಲ್ಲ. ನಾನು ಎದ್ದಾಗ ಮಂಚದ ಅಂಚಿನಲ್ಲಿ ಕೂತೇ ಇದ್ರು. ಅಂಗಿ ಹಾಕ್ಕೊಂಡು, ಒಂದು ಕಾಲಿಗೆ ಬೂಟು ಹಾಕ್ಕೊಂಡು. ಬಾಯಿ ಓರೆ ಆಗಿತ್ತು. ತುಂಬಾ ಹೊತ್ತಿನ ಹಿಂದೇನೇ ಶುರುವಾಗಿದೆ ಅಂದ್ರು ಹಡಗಿನ ಡಾಕ್ಟರು. ಕೈ ಚಾಚಿದ್ರೆ ನಾನು ಸಿಗ್ತಿದ್ದೆ. ಎಬ್ಬಿಸಲಿಲ್ಲ."

ಲೆತ್ತೇರಿಯಾಳಿಗೆ ತಾನು ಸೆಪ್ಟೆಂಬರಿನಲ್ಲಿ ಫೋನಿನಲ್ಲಿ ಕೂಗಾಡಿದ್ದು ನಾಲಿಗೆಯ ತುದಿಗೆ ಬಂತು. ಹೇಳಿದಳು ಕೂಡ. ಡೆಲ್ಫೀನಾ ತಲೆಯಾಡಿಸಿದಳು. "ಗೊತ್ತು. ಆ ಅಮ್ಮ ಹೇಳಿದ್ದು ಸರಿ, ಹೋಗೋದು ಬೇಡ ಅಂದ್ರು ಅವತ್ತು. ನಾನೇ ಬಿಡಲಿಲ್ಲ." ಅಷ್ಟು ಹೇಳಿ ಎದ್ದು ತಾಯಿಯ ಕೋಣೆಗೆ ಹೋದಳು. ಒಬ್ಬರನ್ನೊಬ್ಬರು ಸಂತೈಸುವ ಚೈತನ್ಯ ಇಬ್ಬರಲ್ಲೂ ಇರಲಿಲ್ಲ.

*

ಆ ಹಡಗಿಗೆ ವಾರಕ್ಕೊಂದು ಸುತ್ತು. ಮುಂದಿನ ಗುರುವಾರ ಮತ್ತೆ ಅದೇ ಹಡಗು, ಹೊಸ ಜನರನ್ನು ಹೊತ್ತು ಅದೇ ಧಕ್ಕೆಗೆ ಬಂತು. ಲೆತ್ತೇರಿಯಾಳಿಗೆ ಎಂಟು ಜನರನ್ನು ಎತ್ನಾಕ್ಕೆ ಕರೆದೊಯ್ಯುವುದಿತ್ತು. ತಿಂಗಳುಗಳ ಹಿಂದೆ ಒಪ್ಪಿಕೊಂಡದ್ದು. ಬೆಳಿಗ್ಗೆ ಆಸ್ಪತ್ರೆಗೆ ಹೋಗಿ ನೋಡಿ ಬಂದಳು. ಅವರು ನಿದ್ದೆಯಲ್ಲಿದ್ದರು. "ಸಂಜೆ ಬರ್ತೀನಿ," ಎಂದು ಡೆಲ್ಫೀನಾಳಿಗೆ ಹೇಳಿ ಹೋದಳು.

ಬೆಟ್ಟದ ಮೇಲೆ ಮಧ್ಯಾಹ್ನಕ್ಕೇ ಮಂಜು ಇಳಿಯಿತು. ಇಳಿಯುವ ದಾರಿಯಲ್ಲಿ ಬಸ್ಸುಗಳು ಒಂದರ ಹಿಂದೊಂದು ಆಮೆಯ ಹಾಗೆ ತೆವಳುತ್ತಿದ್ದವು. ಪ್ಲಾಚಿದೋ ಹಲ್ಲು ಕಚ್ಚಿ ಓಡಿಸುತ್ತಿದ್ದ. ಆಗ ಲೆತ್ತೇರಿಯಾಳ ಫೋನ್ ಬಡಿದುಕೊಂಡಿತು.

"ಬೇಗ ಮಾತಾಡಿ," ಎಂದಳು ಡೆಲ್ಫೀನಾ. ಹಿಂದೆ ಯಾರೋ ಕೂಗಾಡುವುದು, ಏನೋ ಉರುಳಿ ಬಿದ್ದದ್ದು ಕೇಳಿಸಿತು. "ನರ್ಸು ಕಿಟಕಿ ಬಾಗಿಲು ತೆಗೆದ್ಲು. ಇಲ್ಲಿಂದ ಬಂದರು ಕಾಣುತ್ತೆ. ಅವರಿಗೆ ಹಡಗು ಕಾಣಿಸ್ಬಿಡ್ತು. ಆ ನೀಲಿ ಪಟ್ಟಿ. ಹೋಗ್ತೀನಿ ಅಂತ ಮಂಚದಿಂದ ಬೀಳ್ತಿದಾರೆ. ಸೂಜಿ ಚುಚ್ಚಿದ್ರೂ ಕೇಳ್ತಿಲ್ಲ. ಅವರ ಕಿವಿಗೆ ಹಿಡೀತೀನಿ, ಮಾತಾಡಿ!"

ಲೆತ್ತೇರಿಯಾ ಮಾತಾಡಿದಳು. "ಸಿನ್ಯೋರ್, ನಾನು. ಎಲ್ಲ ಸರಿಯಾಗಿದೆ. ಈಗ ಇಳೀತಾ ಇದೀವಿ. ಬೇಕಾದಷ್ಟು ಹೊತ್ತಿದೆ."

"ಇಲ್ಲ," ಎಂದಿತು ಆ ತೊದಲು ದನಿ. "ಹಡಗು ಅಲ್ಲಿದೆ. ನಾನು ಇಲ್ಲಿದೀನಿ. ನೀವು ಎಲ್ಲಿದೀರಿ?"

"ದಾರೀಲಿದೀನಿ, ಸಿನ್ಯೋರ್. ಹಡಗಿನವರಿಗೆ ಹೇಳಿದೀನಿ. ಕಾಯ್ತಾರೆ."

"ಕಾಯಲ್ಲ," ಎಂದರು ಅವರು. "ಹಡಗು ಕಾಯಲ್ಲ. ಡೆಲ್ಫೀ ಅದರೊಳಗಿದಾಳೆ. ಅವಳು ಒಬ್ಬಳೇ ಹೋಗ್ಬಿಡ್ತಾಳೆ. ಅವಳಿಗೆ ಏನೂ ಗೊತ್ತಾಗಲ್ಲ."

ವಾರವಿಡೀ ಅವರ ಗಾಬರಿ ಏನೆಂದು ಆಗ ಅವಳಿಗೆ ತಿಳಿಯಿತು. ಫೋನನ್ನು ಕಿವಿಗೆ ಒತ್ತಿ ಹಿಡಿದಳು. ವ್ಯಾನಿನಲ್ಲಿದ್ದ ಎಂಟು ಜನರೂ ಅವಳ ಮುಖ ನೋಡುತ್ತಿದ್ದರು.

ಆ ಕಡೆ ಫೋನನ್ನು ಹಾಸಿಗೆಯ ಮೇಲೆ ಇಟ್ಟ ಸದ್ದಾಯಿತು. ಡೆಲ್ಫೀನಾ ಅದನ್ನು ಆರಿಸಿರಲಿಲ್ಲ.

"ಎವುಸೇಬಿಯೋ, ಇಲ್ಲಿ ನೋಡಿ. ನನ್ನ ನೋಡಿ. ನಮ್ಮ ಹಡಗು ಹೋಯ್ತು."

"ಹೋಯ್ತಾ?"

"ಹೋಯ್ತು. ಹೋದ ವಾರಾನೇ ಹೋಯ್ತು. ಅದು ತಪ್ಪಿಹೋಯ್ತು ನಮಗೆ. ಬೆಟ್ಟಾನೂ ನೋಡಲಿಲ್ಲ. ನೀವು ಆಸ್ಪತ್ರೇಲಿದೀರಿ. ನಾನು ಇಲ್ಲೇ ಇದೀನಿ."

ಈಗ ಕೂಗು ಶುರುವಾಗುತ್ತದೆಂದು ಲೆತ್ತೇರಿಯಾ ಕಣ್ಣು ಮುಚ್ಚಿಕೊಂಡಳು. ಕೂಗು ಬರಲಿಲ್ಲ.

"ನೀನೂ ಹತ್ತಲಿಲ್ವಾ?"

"ನಾನೂ ಹತ್ತಲಿಲ್ಲ."

"ಪೆಟ್ಟಿಗೆ?"

"ಪೆಟ್ಟಿಗೆ ಎರಡೂ ಇಳಿಸ್ಕೊಂಡೆ."

ಆಮೇಲೆ ಅವರು, "ಹಂಗಾದ್ರೆ ಸರಿ," ಎಂದರು. ಇನ್ನೂ ಸ್ವಲ್ಪ ಹೊತ್ತಿನ ಮೇಲೆ, "ಕಾಲು ತಣ್ಣಗಾಗಿದೆ ಡೆಲ್ಫೀ."

"ಇರಿ, ಉಜ್ತೀನಿ," ಎಂದಳು ಅವಳು.

ಲೆತ್ತೇರಿಯಾ ಫೋನ್ ಆರಿಸಿದಳು. ಹಡಗು ಹೊರಡುವುದಕ್ಕೆ ಮೊದಲೇ ಎಂಟು ಜನರನ್ನೂ ಧಕ್ಕೆಗೆ ಮುಟ್ಟಿಸಿದರು. ಅವರು ಕೈ ಕುಲುಕಿ ಹೋದರು. ಪ್ಲಾಚಿದೋ, "ಆಸ್ಪತ್ರೆಗೆ ಬಿಡ್ಲಾ?" ಎಂದ. "ಬೇಡ, ಮನೆಗೆ ಹೋಗೋಣ," ಎಂದಳು. "ಈಗ ಅಲ್ಲಿ ನನಗೇನು ಕೆಲಸ?"

ಅದಾದ ಮೇಲೆ ಅವರು ಗಾಡಿಯ ಬಗ್ಗೆ ಕೇಳಲಿಲ್ಲ. ಹಡಗಿನ ಬಗ್ಗೆಯೂ ಕೇಳಲಿಲ್ಲ. ಹೆಚ್ಚು ಹೊತ್ತು ನಿದ್ದೆ. ಎಚ್ಚರವಾದಾಗ ಹೆಂಡತಿ ಎಲ್ಲೆಂದು ಕಣ್ಣಾಡಿಸುತ್ತಿದ್ದರು. ಶನಿವಾರ ಬೆಳಿಗ್ಗೆ, ಅವಳು ಒದ್ದೆ ಬಟ್ಟೆಯಿಂದ ಅವರ ತುಟಿ ಒರೆಸುತ್ತಿದ್ದಾಗ, ಉಸಿರು ನಿಂತಿತು.

*

ಉಳಿದ ಓಡಾಟವನ್ನೆಲ್ಲ ಲೆತ್ತೇರಿಯಾಳೇ ಮಾಡಿದಳು. ಶವಪೆಟ್ಟಿಗೆ, ಆಸ್ಪತ್ರೆಯ ಕಾಗದ, ವೆರ್ಚೆಲ್ಲಿಯವರೆಗೆ ರಸ್ತೆಯ ಮೇಲೆ ಹೋಗುವ ಶವದ ಗಾಡಿ. ಮಕ್ಕಳಿರಲಿಲ್ಲ, ಡೆಲ್ಫೀನಾಳ ಅಣ್ಣನ ಮಗ ಊರಿನಲ್ಲಿ ಸಮಾಧಿಯ ವ್ಯವಸ್ಥೆ ನೋಡಿಕೊಳ್ಳುತ್ತೇನೆಂದಿದ್ದ. ವಿಮಾನದಲ್ಲಿ ಮೊದಲೇ ಹೋಗಿಬಿಡಿ ಎಂದರೆ ಡೆಲ್ಫೀನಾ ಕೇಳಲಿಲ್ಲ. ಶವದ ಗಾಡಿಯಲ್ಲೇ, ಡ್ರೈವರಿನ ಪಕ್ಕದಲ್ಲಿ ಕೂತು ಹೋಗುತ್ತೇನೆಂದಳು. ದೇಶದ ಉದ್ದವನ್ನೆಲ್ಲ ಹಾಗೇ ಹೋಗಬೇಕು.

ಸೋಮವಾರ ನಮ್ಮ ದ್ವೀಪದಿಂದ ಜಲಸಂಧಿ ದಾಟಿಸುವ ಫೆರಿಯ ಬಳಿ ಅಕ್ಕ ತಮ್ಮ ಬೀಳ್ಕೊಡಲು ಬಂದಿದ್ದರು. ಕಿತ್ತಳೆ ಹಣ್ಣಿನ ಲಾರಿಗಳ ಸಾಲಿನಲ್ಲಿ ಕಪ್ಪು ಗಾಡಿ ನಿಂತಿತ್ತು. ಬಿಸಿಗಾಳಿ ಬೀಸುತ್ತಿತ್ತು. ಪ್ಲಾಚಿದೋ ದಾರಿಗೆಂದು ರೊಟ್ಟಿ, ನೀರು, ಬಾದಾಮಿ ಬಿಸ್ಕತ್ತಿನ ಪೊಟ್ಟಣ ತಂದು ಡ್ರೈವರಿನ ಕೈಗೆ ಕೊಟ್ಟ.

"ಮುಟ್ಟಿದ ಮೇಲೆ ಒಂದು ಫೋನ್ ಮಾಡಿ," ಎಂದಳು ಲೆತ್ತೇರಿಯಾ. "ಇಲ್ಲ, ನಾನೇ ಮಾಡ್ತೀನಿ."

ಡೆಲ್ಫೀನಾ ಅವಳ ಎರಡೂ ಕೈ ಹಿಡಿದುಕೊಂಡಳು. "ಮಾಡ್ಬೇಡಿ," ಎಂದಳು. "ಬೇಜಾರು ಮಾಡ್ಕೋಬೇಡಿ. ನೀವು ಮಾಡಿದ್ದನ್ನ ಒಡಹುಟ್ಟಿದೋರೂ ಮಾಡಲ್ಲ. ಆದ್ರೆ ಬೆಳಿಗ್ಗೆ ಎದ್ದು ನಿಮ್ಮ ಅಡುಗೆಮನೆಯಿಂದ ನಿಮ್ಮ ದನಿ ಕೇಳಿದಾಗಲೆಲ್ಲ ನನ್ನ ಹೊಟ್ಟೆ ಉರೀತಿತ್ತು. ಈ ವಯಸ್ಸಲ್ಲಿ, ಹುಡುಗೀರ ಹಾಗೆ. ಅವರಿಗೆ ಅಷ್ಟು ದಿನ ಆ ದನೀನೇ ಬೇಕಾಗಿತ್ತು. ನನಗೆ ಉಳಿದಿದ್ದು ಎರಡೇ ದಿನ. ಆ ದನಿ ಮತ್ತೆ ಕೇಳೋದು ನನ್ನ ಕೈಲಾಗಲ್ಲ."

"ಮಾಡಲ್ಲ," ಎಂದಳು ಲೆತ್ತೇರಿಯಾ, ಆದಷ್ಟು ಮೆಲ್ಲಗೆ.

ಕಪ್ಪು ಗಾಡಿ ಫೆರಿಯೊಳಗೆ ಹೋಯಿತು. ಗಾಡಿ ನಿಲ್ಲಿಸಿ ಎಲ್ಲರೂ ಮೇಲಿನ ಅಂತಸ್ತಿಗೆ ಹೋಗಬೇಕು, ಕೆಳಗೆ ಯಾರೂ ನಿಲ್ಲುವಂತಿಲ್ಲ. ಲಾರಿಯವರೆಲ್ಲ ಕಾಫಿಗೆಂದು ಮೆಟ್ಟಿಲು ಹತ್ತಿದರು. ಡೆಲ್ಫೀನಾ ಗಾಡಿಯ ಹಿಂಬಾಗಿಲಿಗೆ ಕೈಯಿಟ್ಟು ನಿಂತೇ ಇದ್ದಳು. ಹಳದಿ ಅಂಗಿಯ ನಾವಿಕನೊಬ್ಬ ಬಂದು ಏನೋ ಹೇಳಿ ಮೇಲೆ ಕೈ ತೋರಿಸಿದ. ಅವಳು ತಲೆಯಲ್ಲಾಡಿಸಿದಳು. ಅವನು ಮತ್ತೆ ಹೇಳಿದ. ಆಮೇಲೆ ಗಾಡಿಯನ್ನು ನೋಡಿದ, ಅವಳನ್ನು ನೋಡಿದ, ಎಲ್ಲಿಗೋ ಹೋಗಿ ಒಂದು ಪ್ಲಾಸ್ಟಿಕ್ ಕುರ್ಚಿ ತಂದು ಗಾಡಿಯ ಪಕ್ಕದಲ್ಲಿ ಹಾಕಿದ. ಅವಳು ಕೂತಳು. ಫೆರಿಯ ದೊಡ್ಡ ಕಬ್ಬಿಣದ ಬಾಗಿಲು ಮೇಲೆದ್ದು ಮುಚ್ಚಿಕೊಂಡಿತು.

ಧಕ್ಕೆಯ ಮೇಲೆ, ಲಾರಿಗಳ ನಡುವೆ ನಿಂತು ಲೆತ್ತೇರಿಯಾ ಬಿಕ್ಕಿ ಬಿಕ್ಕಿ ಅತ್ತಳು. ತಾಯಿ ಸತ್ತಾಗಲೂ ಅವಳು ಹಾಗೆ ಅತ್ತಿದ್ದನ್ನು ಪ್ಲಾಚಿದೋ ನೋಡಿರಲಿಲ್ಲವಂತೆ.

ಕೊಟ್ಟ ಮಾತನ್ನು ಉಳಿಸಿಕೊಂಡಳು. ಸತ್ತವರ ಹಬ್ಬದ ದಿನ ತಾಯಿಯ ಹೆಸರಿನ ಜೊತೆಗೆ ಎವುಸೇಬಿಯೋ ಅವರ ಹೆಸರಿನಲ್ಲೂ ಪೂಜೆ ಮಾಡಿಸಿದಳು. ಆದರೆ ವೆರ್ಚೆಲ್ಲಿಗೆ ಫೋನ್ ಮಾಡಲಿಲ್ಲ. ಅಲ್ಲಿಂದಲೂ ಬರಲಿಲ್ಲ. ಚಳಿಗಾಲದಲ್ಲಿ, ಹಡಗುಗಳಿಲ್ಲದ ಒಂದು ಮಧ್ಯಾಹ್ನ, ಪ್ಲಾಚಿದೋ ಒಲೆಯ ಬಳಿ ಕೂತವನು ಇದ್ದಕ್ಕಿದ್ದಂತೆ ಕೇಳಿದ:

"ಆಯಮ್ಮ ಹೇಗಿದಾಳೋ?"

"ಹೇಗಿರ್ತಾಳೆ," ಎಂದಳು ಲೆತ್ತೇರಿಯಾ. "ಇರ್ತಾಳೆ." ಹೇಳಿ ಆಲೂಗಡ್ಡೆ ಸುಲಿಯುವುದನ್ನು ಮುಂದುವರಿಸಿದಳು.